ಬಣ್ಣ ಕೆಟ್ಟಾಗ ಪ್ರೊಫೈಲ್ ಮುಟ್ಟುವುದು ಕೊನೆಗೆ: ವೈಡ್ ಫಾರ್ಮ್ಯಾಟ್ ಪ್ರಿಂಟರ್‌ನಲ್ಲಿ ದೋಷ ಹುಡುಕುವ ಕ್ರಮ

ನಿನ್ನೆ ಸರಿಯಾಗಿ ಬಂದಿದ್ದ ಕೆಂಪು ಇವತ್ತು ಇಟ್ಟಿಗೆ ಬಣ್ಣಕ್ಕೆ ತಿರುಗಿದೆ, ಬೂದುಬಣ್ಣದಲ್ಲಿ ಹಸಿರು ಇಣುಕುತ್ತಿದೆ. ಇಂಥ ದೂರು ಬಂದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಫೈಲನ್ನು ಇಂಕ್ ಹನಿಗಳ ಲೆಕ್ಕಕ್ಕೆ ತಿರುಗಿಸುವ ರಿಪ್ ಸಾಫ್ಟ್‌ವೇರ್ ಕಡೆಗೆ. ಕರ್ವ್ ಎಳೆಯುತ್ತಾರೆ, ಬೇರೆ ಪ್ರೊಫೈಲ್ (ಬಣ್ಣಗಳನ್ನು ಯಂತ್ರಕ್ಕೆ ತಕ್ಕಂತೆ ಪರಿವರ್ತಿಸುವ ಫೈಲ್) ಹಾಕಿ ನೋಡುತ್ತಾರೆ, ಫೈಲಿನಲ್ಲೇ ಮೆಜೆಂಟಾ 5% ಏರಿಸುತ್ತಾರೆ. ಆ ಹೊತ್ತಿನ ಕೆಲಸ ಹೇಗೋ ಮುಗಿಯುತ್ತದೆ. ಆದರೆ ನಿಜವಾದ ಕಾರಣ ಇಂಕ್ ಚಿಮ್ಮುವ ಹೆಡ್‌ಗೆ ಮುಂಚೆ ಇಂಕ್ ಸೋಸುವ ಪುಟ್ಟ ಡಬ್ಬಿಯಾದ ಡ್ಯಾಂಪರ್‌ನಲ್ಲಿ ಸೇರಿಕೊಂಡ ಗಾಳಿಯಾಗಿದ್ದರೆ, ನಾಳೆ ಆ ಗಾಳಿ ಹೊರಬಿದ್ದಾಗ ತಿದ್ದಿದ್ದೆಲ್ಲ ತಿರುಗುಬಾಣವಾಗುತ್ತದೆ. ಯಂತ್ರದ ದೋಷವನ್ನು ಪ್ರೊಫೈಲ್‌ನಲ್ಲಿ ಮುಚ್ಚಬಾರದು, ಪ್ರೊಫೈಲ್‌ನ ದೋಷವನ್ನು ಫೈಲಿನಲ್ಲಿ ಮುಚ್ಚಬಾರದು. ಹುಡುಕಾಟ ಹೆಡ್‌ನಿಂದ ಶುರುವಾಗಿ ಫೀಡ್ (ಮೀಡಿಯಾ ಮುಂದೆ ಸರಿಯುವುದು), ಮೀಡಿಯಾ (ಮುದ್ರಿಸುವ ವಿನೈಲ್, ಕಾಗದ ಇತ್ಯಾದಿ), ಇಂಕ್ ಲಿಮಿಟ್ (ಎಷ್ಟು ಇಂಕ್ ಬೀಳಬಹುದೆಂಬ ಮಿತಿ), ಲೀನಿಯರೈಸೇಷನ್ (ಪ್ರತಿ ಇಂಕ್ ಹಂತಹಂತವಾಗಿ ಸಮನಾಗಿ ಏರುವಂತೆ ಹೊಂದಿಸುವುದು), ಪ್ರೊಫೈಲ್ ದಾಟಿ ಕೊನೆಗೆ ಫೈಲಿಗೆ ಬರಬೇಕು.

ಇಲ್ಲಿ ಹೇಳಿರುವುದು ಮುಖ್ಯವಾಗಿ ಪೀಜೋ ಹೆಡ್ (ವಿದ್ಯುತ್ತಿಗೆ ಬಾಗುವ ಹರಳಿನಿಂದ ಹನಿ ತಳ್ಳುವ ಹೆಡ್) ಇರುವ, ಸೌಮ್ಯ ದ್ರಾವಕದ ಇಂಕ್ ಬಳಸುವ ಇಕೋ-ಸಾಲ್ವೆಂಟ್ ರೋಲ್ ಪ್ರಿಂಟರ್‌ಗಳಿಗೆ. ಹೀಟರ್ ಮತ್ತು ಸಾಲ್ವೆಂಟ್‌ನ ಮಾತು ಬಿಟ್ಟರೆ ಉಳಿದದ್ದರಲ್ಲಿ ಬಹುಪಾಲು ನೀರಿನ ಇಂಕ್ ಬಳಸುವ ಯಂತ್ರಗಳಿಗೂ ಹೊಂದುತ್ತದೆ.

ಮೊದಲು ಎರಡು ಪಟ್ಟಿ

ಯಂತ್ರ ಚೆನ್ನಾಗಿರುವ ದಿನವೇ ಒಂದು ಪರೀಕ್ಷಾ ಪಟ್ಟಿ ತಯಾರಿಸಿಟ್ಟುಕೊಳ್ಳಿ. 30 ಸೆಂ.ಮೀ. ಉದ್ದ ಸಾಕು. ಅದರಲ್ಲಿ ನಾಲ್ಕೂ ಇಂಕ್‌ಗಳ 25, 50, 75, 100% ಚೌಕಗಳು, ಎರಡೆರಡು ಇಂಕ್ ಸೇರಿದ ಕೆಂಪು, ಹಸಿರು, ನೀಲಿ, ಸಯಾನ್ 50, ಮೆಜೆಂಟಾ 40, ಯೆಲ್ಲೋ 40 ಸೇರಿಸಿದ ಬೂದು, ಅದರ ಪಕ್ಕದಲ್ಲೇ ಬರೀ ಬ್ಲ್ಯಾಕ್ 50%, ಮತ್ತು ಏನೂ ಮುದ್ರಿಸದ ಖಾಲಿ ಜಾಗ ಇರಲಿ. ಇದನ್ನು ಎರಡು ರೀತಿಯಲ್ಲಿ ಪ್ರಿಂಟ್ ತೆಗೆಯಿರಿ. ಮೊದಲನೆಯದು ಲೀನಿಯರೈಸೇಷನ್ ಇಟ್ಟುಕೊಂಡು ಐಸಿಸಿ ಕಲರ್ ಮ್ಯಾನೇಜ್‌ಮೆಂಟ್ (ಪ್ರೊಫೈಲ್ ಮೂಲಕ ಬಣ್ಣ ಹೊಂದಿಸುವುದು) ಪೂರ್ತಿ ಆಫ್ ಮಾಡಿ. ಎರಡನೆಯದು ದಿನದ ಕೆಲಸಕ್ಕೆ ಬಳಸುವ ಸೆಟಿಂಗ್‌ನಲ್ಲೇ. ಒಣಗಿದ ಮೇಲೆ ಅಳತೆ ಬರೆದಿಟ್ಟು, ಪಟ್ಟಿಗಳನ್ನು ಬೆಳಕು ಬೀಳದ ಲಕೋಟೆಯಲ್ಲಿಡಿ.

ದೂರು ಬಂದ ದಿನ ಅದೇ ಮೀಡಿಯಾದಲ್ಲಿ, ಅಷ್ಟೇ ಪಾಸ್‌ನಲ್ಲಿ (ಒಂದು ಜಾಗದ ಮೇಲೆ ಹೆಡ್ ಎಷ್ಟು ಸಲ ಹಾಯುತ್ತದೆ ಎಂಬುದು) ಎರಡನ್ನೂ ಮತ್ತೆ ತೆಗೆಯಿರಿ. ಕಲರ್ ಮ್ಯಾನೇಜ್‌ಮೆಂಟ್ ಆಫ್ ಇರುವ ಪಟ್ಟಿ ಹಳೆಯದಕ್ಕೆ ಹೊಂದಿ, ಆನ್ ಇರುವುದು ಹೊಂದದಿದ್ದರೆ ಯಂತ್ರ ಸರಿಯಾಗಿದೆ. ರಿಪ್‌ನಲ್ಲಿ ಯಾರೋ ಪ್ರೊಫೈಲ್ ಅಥವಾ ರೆಂಡರಿಂಗ್ ಇಂಟೆಂಟ್ (ಪ್ರಿಂಟರ್‌ಗೆ ಸಿಗದ ಬಣ್ಣಗಳನ್ನು ಹೇಗೆ ಹೊಂದಿಸಬೇಕೆಂಬ ಆಯ್ಕೆ) ಬದಲಿಸಿದ್ದಾರೆ. ಆಫ್ ಪಟ್ಟಿಯೇ ಬದಲಾಗಿದ್ದರೆ ದೋಷ ಹೆಡ್, ಇಂಕ್, ಮೀಡಿಯಾ ಅಥವಾ ಶಾಖದಲ್ಲಿದೆ. ಆಗ ಪ್ರೊಫೈಲ್ ಫೋಲ್ಡರ್ ತೆರೆಯಲೇಬೇಡಿ. ಎರಡೂ ಹಳೆಯದಕ್ಕೆ ಹೊಂದಿದರೆ ತೊಂದರೆ ಫೈಲಿನಲ್ಲಿದೆ. ಹತ್ತೇ ನಿಮಿಷದ ಈ ಕೆಲಸದಿಂದ ಮುಕ್ಕಾಲು ಪಾಲು ಗೊಂದಲ ಕಳೆಯುತ್ತದೆ.

ಬೂದು ಚೌಕದ ಬಗ್ಗೆ ಒಂದು ಮಾತು. ಆಫ್ ಪಟ್ಟಿಯಲ್ಲಿ ಅದು ಅಪ್ಪಟ ಬೂದಾಗಿ ಕಾಣಬೇಕೆಂದಿಲ್ಲ, ಮೊದಲ ದಿನ ಹೇಗಿತ್ತೋ ಹಾಗೆ ಕಂಡರೆ ಸಾಕು. ಮೂರು ಇಂಕ್‌ಗಳಲ್ಲಿ ಯಾವುದೊಂದು ಸ್ವಲ್ಪ ಏರುಪೇರಾದರೂ ಮೊದಲು ಬಣ್ಣ ಬದಲಿಸುವುದು ಇದೇ ಚೌಕ. ಅದಕ್ಕೇ ಇದು ಪಟ್ಟಿಯಲ್ಲಿ ಇರಲೇಬೇಕು.

ಆಫ್ ಪಟ್ಟಿ ಬದಲಾಗಿದ್ದರೆ ಯಾವ ಚೌಕ ಬದಲಾಗಿದೆ ಎಂದು ನೋಡಿ. ಒಂದೇ ಇಂಕ್‌ನ ಸಾಲು ತೆಳುವಾಗಿದ್ದರೆ ಆ ಚಾನಲ್‌ನಲ್ಲೇ ತೊಂದರೆ. 100% ಹಾಗೇ ಇದ್ದು 25, 50% ಮಾತ್ರ ಬದಲಾಗಿದ್ದರೆ ಹನಿಯ ಗಾತ್ರ ಬದಲಾಗಿದೆ, ಲೀನಿಯರೈಸೇಷನ್ ಹಳತಾಗಿದೆ. ಬಿಡಿ ಇಂಕ್‌ಗಳೆಲ್ಲ ಸರಿಯಿದ್ದು ಕೆಂಪು, ಹಸಿರು, ನೀಲಿ ಮಾತ್ರ ಕೆಟ್ಟಿದ್ದರೆ ಒಂದು ಇಂಕ್ ಮೇಲೆ ಇನ್ನೊಂದು ಒಣಗುವ ರೀತಿ ಬದಲಾಗಿದೆ, ಅಂದರೆ ಹೀಟರ್ ಕಡೆ ನೋಡಬೇಕು. ಖಾಲಿ ಜಾಗದ ಅಳತೆಯೇ ಬೇರೆ ಬಂದರೆ ರೋಲ್‌ನ ಬ್ಯಾಚ್ ಬದಲಾಗಿದೆ. ಎಲ್ಲ ಇಂಕ್‌ಗಳೂ ಒಟ್ಟಿಗೆ ಗಾಢವಾಗಿದ್ದರೆ ಕೋಣೆಯ ಬಿಸಿಯನ್ನು ಅನುಮಾನಿಸಿ. ಬಿಸಿಯಾದ ಇಂಕ್ ತೆಳುವಾಗುತ್ತದೆ, ಹನಿ ದೊಡ್ಡದಾಗುತ್ತದೆ. ಕೋಣೆ 20ರಿಂದ 25 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ 40ರಿಂದ 60% ಇದ್ದರೆ ಒಳ್ಳೆಯದು. ಆರ್ದ್ರತೆ 40%ಕ್ಕಿಂತ ಕೆಳಗಿಳಿದರೆ ಸ್ಟ್ಯಾಟಿಕ್ ಹುಟ್ಟಿ ಸಣ್ಣ ಹನಿಗಳು ಅಕ್ಷರದ ಅಂಚಿನಾಚೆ ಹಾರಿ ಕೂರುತ್ತವೆ.

ಅಳತೆಯ ಸಾಧನ ಇದ್ದರೆ ಡೆಲ್ಟಾ-ಇ 2000 (ಎರಡು ಬಣ್ಣಗಳ ನಡುವಿನ ವ್ಯತ್ಯಾಸದ ಅಂಕಿ) ಲೆಕ್ಕ ಬಳಸಿ. ಅದೇ ಯಂತ್ರ, ಅದೇ ಮೀಡಿಯಾದ ಹಳೆಯ ಪಟ್ಟಿಗೂ ಇವತ್ತಿನದಕ್ಕೂ ಸರಾಸರಿ ವ್ಯತ್ಯಾಸ 1ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. 2 ದಾಟಿದರೆ ಕಾರಣ ಹುಡುಕಿ. 3 ದಾಟಿದರೆ ಪಕ್ಕಪಕ್ಕ ಇಟ್ಟಾಗ ಗಿರಾಕಿಯ ಕಣ್ಣಿಗೂ ಬೀಳುತ್ತದೆ.

ನಾಝಲ್ ಚೆಕ್ ಓದುವ ರೀತಿ

ಒಂದೇ ನಾಝಲ್ ಚೆಕ್ (ಇಂಕ್ ಚಿಮ್ಮುವ ಪ್ರತಿ ರಂಧ್ರವೂ ಒಂದೊಂದು ಗೆರೆ ಎಳೆಯುವ ಪರೀಕ್ಷೆ) ನೋಡಿ ತೀರ್ಮಾನಕ್ಕೆ ಬರಬೇಡಿ. ಮೂರು ತೆಗೆಯಿರಿ: ಈಗಿನ ಸ್ಥಿತಿಯಲ್ಲಿ ಒಂದು, ಒಂದು ನಾರ್ಮಲ್ ಕ್ಲೀನಿಂಗ್ ಆದ ಮೇಲೆ ಒಂದು, ಅನುಮಾನವಿರುವ ಬಣ್ಣದ 100% ಪಟ್ಟೆಯನ್ನು ಒಂದು ಮೀಟರ್ ಓಡಿಸಿದ ಕೂಡಲೇ ಮತ್ತೊಂದು. ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ರೋಗ ಯಾವುದೆಂದು ಗೊತ್ತಾಗುತ್ತದೆ.

ಮೂರರಲ್ಲೂ ಅದೇ ಗೆರೆ ಕಾಣೆಯಾಗಿದ್ದರೆ ಆ ನಾಝಲ್ ಕಟ್ಟಿಕೊಂಡಿದೆ. ಕ್ಯಾಪ್‌ಗೆ (ಹೆಡ್ ನಿಂತಾಗ ಅದನ್ನು ಮುಚ್ಚುವ ರಬ್ಬರ್ ಅಂಚಿನ ಬಟ್ಟಲು) ಕ್ಲೀನಿಂಗ್ ದ್ರವ ತುಂಬಿಸಿ, ಹೆಡ್ಡನ್ನು ಅದರ ಮೇಲೆ ಕೂರಿಸಿ ಒಂದೆರಡು ಗಂಟೆ ನೆನೆಸಿ. ಕಾಣೆಯಾದ ಜಾಗ ಪ್ರತಿಸಲ ಬದಲಾಗುತ್ತಿದ್ದರೆ ಕಟ್ಟಿಕೊಂಡಿಲ್ಲ, ಒಳಗೆ ಗಾಳಿಯಿದೆ: ಡ್ಯಾಂಪರ್‌ನ ಜೋಡಣೆ, ಓ-ರಿಂಗ್, ಪೈಪ್‌ನ ನಟ್ ನೋಡಿ. ಕ್ಲೀನಿಂಗ್ ಆದ ಕೂಡಲೇ ಎಲ್ಲ ಗೆರೆ ಬಂದು, ಒಂದು ಮೀಟರ್ ಓಡಿಸಿದ ಮೇಲೆ ಗೆರೆಗಳು ಗುಂಪಾಗಿ ಹೋಗಿದ್ದರೆ ಹೆಡ್‌ಗೆ ಇಂಕ್ ಸಾಲುತ್ತಿಲ್ಲ. ಡ್ಯಾಂಪರ್‌ನೊಳಗಿನ ಜಾಲರಿ ಕಟ್ಟಿರಬಹುದು, ಕೇಬಲ್ ಚೈನ್‌ನೊಳಗೆ ಪೈಪ್ ಮಡಚಿರಬಹುದು. ಇಲ್ಲಿ ಎಷ್ಟು ಕ್ಲೀನಿಂಗ್ ಕೊಟ್ಟರೂ ಇಂಕ್ ದಂಡ.

ಕ್ಲೀನಿಂಗ್‌ಗೆ ಮುಂಚೆ ಚೆನ್ನಾಗಿದ್ದು ನಂತರವೇ ಕೆಟ್ಟರೆ ತಪ್ಪು ಕ್ಯಾಪ್ ಅಥವಾ ವೈಪರ್‌ನದು. ಅಂಚು ಸವೆದ ವೈಪರ್ ಕೊಳೆಯನ್ನು ಒರೆಸುವ ಬದಲು ನಾಝಲ್‌ಗೆ ಬಳಿಯುತ್ತದೆ. ಗೆರೆಗಳೆಲ್ಲ ಇದ್ದು ಕೆಲವು ಓರೆಯಾಗಿದ್ದರೆ ಹನಿ ದಾರಿ ತಪ್ಪುತ್ತಿದೆ. ನಾಝಲ್ ಬಾಯಲ್ಲಿ ಒಣಗಿದ ಇಂಕ್ ಅಥವಾ ಒಂದು ಎಳೆ ನೂಲು ಸಿಕ್ಕಿಕೊಂಡಿರುತ್ತದೆ. ಇದನ್ನು ಕಡೆಗಣಿಸುವವರೇ ಹೆಚ್ಚು, ಗೆರೆ ಇದೆಯಲ್ಲ ಎಂದುಕೊಂಡು. ಆದರೆ ಬ್ಯಾಂಡಿಂಗ್‌ಗೆ (ಪ್ರಿಂಟ್ ಪಟ್ಟೆಪಟ್ಟೆಯಾಗಿ ಕಾಣುವುದಕ್ಕೆ) ಕಾಣೆಯಾದ ಗೆರೆಯಷ್ಟೇ ಓರೆ ಗೆರೆಯೂ ಕಾರಣ. ಒಂದಿಡೀ ಸಾಲೇ ಮಾಯವಾಗಿದ್ದರೆ ಅಥವಾ ಗೆರೆಗಳ ಬದಲು ಅಡ್ಡಾದಿಡ್ಡಿ ಚುಕ್ಕೆ ಬಂದರೆ ಅದು ವಿದ್ಯುತ್ತಿನ ತೊಂದರೆ. ಯಂತ್ರ ಆಫ್ ಮಾಡಿ, ಪ್ಲಗ್ ಕಿತ್ತು, ಕೆಲವು ನಿಮಿಷ ಬಿಟ್ಟು ಹೆಡ್‌ನ ಪಟ್ಟಿ ಕೇಬಲ್‌ಗಳನ್ನು ನೋಡಿ. ಕೇಬಲ್‌ನ ತುದಿಯಲ್ಲಿ ಒಂದು ಹನಿ ಇಂಕ್ ಇದ್ದರೂ ಹೆಡ್‌ನ ಜೊತೆ ಬೋರ್ಡೂ ಸುಡಬಹುದು. ಪೂರ್ತಿ ಒಣಗಿಸಿ ಒರೆಸದೆ ಮತ್ತೆ ಕರೆಂಟ್ ಕೊಡಬೇಡಿ.

ಕ್ಯಾಪ್‌ನ ಪರೀಕ್ಷೆ ಸುಲಭ. ಹೆಡ್ಡನ್ನು ಪಕ್ಕಕ್ಕೆ ಸರಿಸಿ, ಕ್ಯಾಪ್ ಅಂಚಿನವರೆಗೆ ಕ್ಲೀನಿಂಗ್ ದ್ರವ ತುಂಬಿಸಿ ಐದು ನಿಮಿಷ ಕಾಯಿರಿ. ಮಟ್ಟ ತಾನಾಗೇ ಇಳಿದರೆ ಕೆಳಗಿನ ಪಂಪ್ ಹಿಡಿದುಕೊಳ್ಳುತ್ತಿಲ್ಲ. ಇಳಿಯದಿದ್ದರೆ ಈಗ ಪಂಪ್ ಓಡಿಸಿ: ದ್ರವ ಕೆಲವೇ ಸೆಕೆಂಡಿನಲ್ಲಿ ಸರ್ರನೆ ಕೆಳಗೆ ಹೋಗಬೇಕು. ನಿಧಾನವಾಗಿ ಸುರುಳಿ ಸುತ್ತುತ್ತಾ ನಿಂತರೆ ಪಂಪ್‌ನ ಟ್ಯೂಬ್ ಗಟ್ಟಿಯಾಗಿದೆ, ಇಲ್ಲವೆ ಕೊಳವೆ ಕಟ್ಟಿದೆ. ಎರಡೂ ಸರಿಯಿದ್ದು ಕ್ಲೀನಿಂಗ್ ಮಾತ್ರ ಫಲ ಕೊಡದಿದ್ದರೆ ಕ್ಯಾಪ್‌ನ ರಬ್ಬರ್ ತುಟಿ ಹೆಡ್‌ಗೆ ಸರಿಯಾಗಿ ಕೂರುತ್ತಿಲ್ಲ. ಬೆರಳ ತುದಿಯಿಂದ ತುಟಿಯ ಸುತ್ತ ಸವರಿದರೆ ಒಣಗಿದ ಇಂಕ್‌ನ ಗಂಟು ಕೈಗೆ ಸಿಗುತ್ತದೆ. ಅಷ್ಟು ಸಣ್ಣ ಗಂಟು ಇದ್ದರೂ ಗಾಳಿ ಒಳನುಗ್ಗುತ್ತದೆ.

ಒಂದರ ಹಿಂದೊಂದು ಹತ್ತು ಸಲ ಕ್ಲೀನಿಂಗ್ ಕೊಡುವುದನ್ನು ಬಿಡಿ. ಎರಡು ಕೊಟ್ಟು ಸರಿಹೋಗದಿದ್ದರೆ ಅರ್ಧ ಗಂಟೆ ಬಿಡಿ. ಹೆಡ್‌ನ ಮುಖವನ್ನು ಟಿಶ್ಯೂ ಕಾಗದದಿಂದ ಉಜ್ಜಬೇಡಿ, ಸಿರಿಂಜ್ ಹಾಕಿ ಜೋರಾಗಿ ಒತ್ತಬೇಡಿ. ಒಳಗಿನ ತೆಳು ಪದರ ಹರಿದರೆ ಇಂಕ್‌ಗಳು ಒಂದಕ್ಕೊಂದು ಬೆರೆಯುತ್ತವೆ. ಬೆರಕೆ ಆಗಿದೆಯೇ ಎಂದು ಮೊದಲು ತಿಳಿಸುವುದು ಯೆಲ್ಲೋ. ಅದರ 100% ಪಟ್ಟೆಯಲ್ಲಿ ಹಸಿರು ಅಥವಾ ಕಿತ್ತಳೆ ಛಾಯೆ ಬಂದರೆ ಬೇರೆ ಇಂಕ್ ಒಳಗೆ ಸೇರಿದೆ.

ಬ್ಯಾಂಡಿಂಗ್: ಅಳೆದು ನೋಡಿ, ಊಹಿಸಬೇಡಿ

ಪಟ್ಟೆಗಳ ನಡುವಿನ ಅಂತರವನ್ನು ಮಿ.ಮೀ. ಸ್ಕೇಲ್‌ನಲ್ಲಿ ಅಳೆಯುವುದೇ ಮೊದಲ ಹೆಜ್ಜೆ. ಎಪ್ಸನ್ ಡಿಎಕ್ಸ್5 ಹೆಡ್‌ನಲ್ಲಿ ಪ್ರತಿ ಸಾಲಿಗೆ 180 ನಾಝಲ್ ಇದ್ದು ಉದ್ದ 25.4 ಮಿ.ಮೀ. 4 ಪಾಸ್‌ನಲ್ಲಿ ಮೀಡಿಯಾ ಪ್ರತಿಸಲ 6.35 ಮಿ.ಮೀ. ಸರಿಯುತ್ತದೆ, 8 ಪಾಸ್‌ನಲ್ಲಿ ಸುಮಾರು 3.2 ಮಿ.ಮೀ. ಪಟ್ಟೆಗಳು ಸರಿಯಾಗಿ ಆ ಅಂತರದಲ್ಲೇ, ಎಲ್ಲ ಬಣ್ಣಗಳಲ್ಲೂ ಕಂಡರೆ ಫೀಡ್ ತಪ್ಪಿದೆ. ಬಿಳಿ ಗೆರೆ ಕಂಡರೆ ಮೀಡಿಯಾ ಹೆಚ್ಚು ಸರಿಯುತ್ತಿದೆ, ಕಪ್ಪು ಗೆರೆ ಕಂಡರೆ ಕಡಿಮೆ ಸರಿದು ಒಂದರ ಮೇಲೊಂದು ಬೀಳುತ್ತಿದೆ. ಒಂದೇ ಬಣ್ಣದಲ್ಲಿ ಗೆರೆ ಇದ್ದರೆ ಫೀಡ್ ಮುಟ್ಟಬೇಡಿ, ನಾಝಲ್‌ಗೆ ಹಿಂತಿರುಗಿ.

ಫೀಡ್ ತಿದ್ದುವಾಗ ಲೆಕ್ಕ ಹೀಗೆ. 1000 ಮಿ.ಮೀ. ಇರಬೇಕಾದ ಗುರುತುಗಳ ಅಂತರ 998.5 ಬಂದರೆ ಮೀಡಿಯಾ 0.15% ಕಡಿಮೆ ಸರಿದಿದೆ, ಅಷ್ಟನ್ನೇ ಏರಿಸಿ. ಇಷ್ಟಕ್ಕೆಲ್ಲ ಏನಾಗುತ್ತದೆ ಎನ್ನಬೇಡಿ. 720 ಡಿಪಿಐನಲ್ಲಿ ಚುಕ್ಕೆಗಳ ಸಾಲಿನಿಂದ ಸಾಲಿಗೆ ಸುಮಾರು 0.035 ಮಿ.ಮೀ. 6.35 ಮಿ.ಮೀ. ಹೆಜ್ಜೆಯಲ್ಲಿ 0.5% ತಪ್ಪಾದರೆ ಅದು ಬಹುತೇಕ ಒಂದಿಡೀ ಸಾಲಿನಷ್ಟಾಗುತ್ತದೆ. ಈ ತಿದ್ದುಪಡಿಯನ್ನು ಹೀಟರ್‌ಗಳು ಕೆಲಸದ ಬಿಸಿಗೆ ಬಂದು ಕಾಲು ಗಂಟೆ ಆದ ಮೇಲೆಯೇ ಮಾಡಿ. ವಿನೈಲ್ ಬಿಸಿಗೆ ಹಿಗ್ಗುತ್ತದೆ. ತಣ್ಣಗಿದ್ದಾಗ ಹೊಂದಿಸಿದ ಫೀಡ್ ಎರಡನೇ ಮೀಟರ್ ಹೊತ್ತಿಗೆ ಸುಳ್ಳಾಗಿರುತ್ತದೆ. ಟೇಕ್-ಅಪ್ ರೀಲ್ ಎಳೆಯುವ ಬಿಗಿಯೂ ಫೀಡ್‌ನಲ್ಲಿ ಸೇರಿಕೊಳ್ಳುವುದರಿಂದ, ಪ್ರಿಂಟ್‌ನ ಆರಂಭದಲ್ಲಿ ಸರಿಯಿದ್ದು ರೀಲ್‌ಗೆ ಸುತ್ತಲು ಶುರುವಾದ ಮೇಲೆ ಪಟ್ಟೆ ಬಂದರೆ ಅಲ್ಲೇ ಹುಡುಕಿ.

ಅಂತರ ಪಾಸ್‌ಗೆ ಹೊಂದದೆ ಇನ್ನೂ ದೊಡ್ಡದಾಗಿ, ಆದರೆ ಕ್ರಮವಾಗಿ ಮರುಕಳಿಸಿದರೆ ಫೀಡ್ ರೋಲರ್‌ನ ಸುತ್ತಳತೆ ಅಳೆಯಿರಿ. ಎರಡೂ ಹೊಂದಿದರೆ ರೋಲರ್ ಮೇಲೆ ಅಂಟು ಅಥವಾ ಕಸ ಕೂತಿದೆ. ಪಟ್ಟೆಗಳು ಮೀಡಿಯಾ ಸಾಗುವ ದಿಕ್ಕಿಗೆ ಉದ್ದುದ್ದ ಇದ್ದರೆ ತೊಂದರೆ ಹೆಡ್ ಹೊತ್ತು ಓಡುವ ಕ್ಯಾರೇಜ್‌ನದು: ಬೆಲ್ಟ್‌ನ ಬಿಗಿ, ಬೇರಿಂಗ್, ಎನ್‌ಕೋಡರ್ ಸ್ಟ್ರಿಪ್ (ಕ್ಯಾರೇಜ್ ಎಲ್ಲಿದೆ ಎಂದು ತಿಳಿಸುವ ಸಣ್ಣ ಗೆರೆಗಳ ಪಟ್ಟಿ). ಸ್ಟ್ರಿಪ್ ಮೇಲೆ ಇಂಕ್ ಮಂಜು ಕೂತಿದ್ದರೆ ನೂಲು ಬಿಡದ ಬಟ್ಟೆಯನ್ನು ನೀರಿನಲ್ಲಿ ಒದ್ದೆ ಮಾಡಿ ಹಿಂಡಿ ಒರೆಸಿ. ಸಾಲ್ವೆಂಟ್ ಬೇಡ, ಕೆಲವು ಸ್ಟ್ರಿಪ್‌ಗಳ ಗೆರೆಗಳೇ ಅಳಿಸಿಹೋಗುತ್ತವೆ.

ಇನ್ನೊಂದು ಬಗೆಯ ಪಟ್ಟೆಯಿದೆ, ಅದನ್ನು ಫೀಡ್ ಎಂದು ತಿಳಿದು ದಿನವಿಡೀ ಹೆಣಗಾಡುತ್ತಾರೆ. ಹಸಿರು ಅಥವಾ ನೇರಳೆಯ ಗಟ್ಟಿ ಜಾಗದಲ್ಲಿ ಮಾತ್ರ ಒಂದು ಪಟ್ಟೆ ಸ್ವಲ್ಪ ನೀಲಿ, ಮುಂದಿನದು ಸ್ವಲ್ಪ ಹಳದಿ, ಹೀಗೆ ಸರದಿಯಲ್ಲಿ ಬರುತ್ತದೆ. ಹೆಡ್ ಹೋಗುವಾಗ ಇಂಕ್‌ಗಳು ಒಂದು ಕ್ರಮದಲ್ಲಿ, ಬರುವಾಗ ಉಲ್ಟಾ ಕ್ರಮದಲ್ಲಿ ಬೀಳುವುದರಿಂದ ಹೀಗಾಗುತ್ತದೆ. ಒಂದೇ ದಿಕ್ಕಿನಲ್ಲಿ ಪ್ರಿಂಟ್ ತೆಗೆದು ನೋಡಿ. ಪಟ್ಟೆ ಹೋದರೆ ಫೀಡ್ ನಿರಪರಾಧಿ. ಪಾಸ್ ಹೆಚ್ಚಿಸಿ, ಇಂಕ್ ಇಳಿಸಿ, ಪ್ರಿಂಟ್ ಹೀಟರ್ ಕೆಲವು ಡಿಗ್ರಿ ಏರಿಸಿ. ಒಂದೇ ದಿಕ್ಕಿನಲ್ಲಿ ತೆಗೆದಾಗ ಅಕ್ಷರಗಳ ಅಂಚು ಚೂಪಾದರೆ ಮಾತ್ರ ಎರಡು ದಿಕ್ಕಿನ ಅಲೈನ್‌ಮೆಂಟ್ (ಹೋಗುವಾಗಿನ, ಬರುವಾಗಿನ ಹನಿಗಳನ್ನು ಒಂದೇ ಜಾಗಕ್ಕೆ ಹೊಂದಿಸುವುದು) ಮಾಡಬೇಕು. ಹೆಡ್ ಎತ್ತರ ಬದಲಿಸಿದಾಗಲೆಲ್ಲ ಈ ಅಲೈನ್‌ಮೆಂಟ್ ಮತ್ತೆ ಬೇಕು. ರೋಲ್ ಮೀಡಿಯಾಗೆ 1.5ರಿಂದ 2 ಮಿ.ಮೀ. ಎತ್ತರ ಸಾಮಾನ್ಯವಾಗಿ ಸಾಕು.

ಇಂಕ್ ಲಿಮಿಟ್, ಲೀನಿಯರೈಸೇಷನ್, ಪ್ರೊಫೈಲ್

ನಾಝಲ್ ಪೂರ್ತಿ ಬರದೆ ಲೀನಿಯರೈಸೇಷನ್ ಮಾಡಲೇಬೇಡಿ. ಕೆಲವು ಗೆರೆ ಕಾಣೆಯಾಗಿರುವ ಮೆಜೆಂಟಾವನ್ನು ಅಳೆದ ರಿಪ್, ಮೆಜೆಂಟಾ ತೆಳುವಾಗಿದೆ ಎಂದು ತಿಳಿದು ಹೆಚ್ಚು ಇಂಕ್ ಸುರಿಯುವ ಕರ್ವ್ ಬರೆದಿಡುತ್ತದೆ. ಮಾರನೇ ದಿನ ನಾಝಲ್ ತೆರೆದುಕೊಂಡಾಗ ಫೋಟೋಗಳಲ್ಲಿನ ಎಲ್ಲ ಮುಖಗಳೂ ಕೆಂಪಗಾಗುತ್ತವೆ.

ಇಂಕ್ ಹೆಚ್ಚಾದ ಲಕ್ಷಣಗಳು ಕಣ್ಣಿಗೇ ಕಾಣುತ್ತವೆ: ಗಟ್ಟಿ ಬಣ್ಣದ ಜಾಗ ಮಚ್ಚೆಮಚ್ಚೆಯಾಗುವುದು, ಬಣ್ಣದ ಅಂಚು ಪಕ್ಕದ ಬಣ್ಣಕ್ಕೆ ಹರಿಯುವುದು, ವಿನೈಲ್ ಅಂಚು ಸುರುಳಿಯಾಗಿ ಏಳುವುದು, ಗಂಟೆಗಳಾದರೂ ಬೆರಳಿಗೆ ಅಂಟುವುದು. ಒಂದೊಂದು ಇಂಕ್‌ನ ಮೆಟ್ಟಿಲುಗಳನ್ನು 0ಯಿಂದ 100%ವರೆಗೆ ತೆಗೆದು ನೋಡಿ. ಒಂದು ಹಂತದ ನಂತರ ಬಣ್ಣ ಏರುವುದನ್ನು ಬಿಟ್ಟು ಪಕ್ಕಕ್ಕೆ ಹೊರಳುತ್ತದೆ: ಸಯಾನ್ ನೇರಳೆಯತ್ತ, ಮೆಜೆಂಟಾ ಕೆಂಪಿನತ್ತ. ಹೊರಳುವುದಕ್ಕೆ ಸ್ವಲ್ಪ ಮುಂಚೆಯೇ ಲಿಮಿಟ್ ಇಡಬೇಕು. ಒಟ್ಟು ಇಂಕ್ ಲಿಮಿಟ್ ಬಹಳಷ್ಟು ವಿನೈಲ್‌ಗಳಲ್ಲಿ 220ರಿಂದ 280% ನಡುವೆ ನಿಲ್ಲುತ್ತದೆ. ಹೆಚ್ಚು ಇಂಕ್ ಹಾಕಿದರೆ ಬಣ್ಣ ಹೆಚ್ಚು ಎಂಬ ನಂಬಿಕೆ ತಪ್ಪು. ನೆರಳಿನ ವಿವರಗಳೆಲ್ಲ ಮುಳುಗಿಹೋಗುತ್ತವೆ.

ಪ್ರೊಫೈಲ್ ಎನ್ನುವುದು ಮೀಡಿಯಾ, ಇಂಕ್, ರೆಸಲ್ಯೂಶನ್, ಪಾಸ್, ಇಂಕ್ ಲಿಮಿಟ್ ಎಲ್ಲ ಸೇರಿದ ಒಂದು ಸ್ಥಿತಿಯ ಅಳತೆ. 8 ಪಾಸ್‌ನಲ್ಲಿ ಮಾಡಿದ್ದನ್ನು 4 ಪಾಸ್‌ಗೆ ಹಾಕಿದರೆ ಹೊಂದುವುದಿಲ್ಲ. ಲೀನಿಯರೈಸೇಷನ್ ಮತ್ತೆ ಮಾಡಿದಾಗ ಯಂತ್ರ ಹಳೆಯ ಸ್ಥಿತಿಗೆ ಮರಳಿದರೆ ಹಳೆಯ ಪ್ರೊಫೈಲ್ ಸಾಕು. ಆದರೆ ಇಂಕ್ ಲಿಮಿಟ್ ಬದಲಿಸಿದರೆ ಪ್ರೊಫೈಲ್ ಹೊಸದಾಗಿ ಮಾಡಲೇಬೇಕು.

ಹೊಸ ಪ್ರೊಫೈಲ್ ಹಾಕಿದ ಮೇಲೂ ಬೂದು ಹಳದಿಯತ್ತ ವಾಲಿದರೆ ಅಳತೆಯನ್ನೇ ಪ್ರಶ್ನಿಸಿ. ಬೆಳ್ಳಗೆ ಹೊಳೆಯುವ ಮೀಡಿಯಾಗಳಲ್ಲಿ ಆಪ್ಟಿಕಲ್ ಬ್ರೈಟ್‌ನರ್ ಇರುತ್ತದೆ. ಅದು ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಬೆಳಕನ್ನು ನೀಲಿಯಾಗಿ ತಿರುಗಿಸುತ್ತದೆ. ಸಾಧನ ಆ ನೀಲಿಯನ್ನು ಕಂಡು, ಅದನ್ನು ಸರಿದೂಗಿಸಲು ಹಳದಿ ಸೇರಿಸುತ್ತದೆ. ಐಎಸ್‌ಒ 13655 ಮಾನದಂಡದಲ್ಲಿ ಇದಕ್ಕೆಂದೇ ಅಳತೆಯ ವಿಧಗಳಿವೆ. ಎಂ1 ಡಿ50 ಬೆಳಕಿಗೆ (ಹಗಲು ಬೆಳಕಿನ ಒಂದು ಮಾನದಂಡ) ಹೊಂದಿಸಿದ್ದು, ಎಂ2 ಅಲ್ಟ್ರಾವಯಲೆಟ್ ತೆಗೆದುಹಾಕಿದ್ದು. ಪ್ರಿಂಟ್ ಎಲ್ಲಿ ನೇತಾಡುತ್ತದೋ ಅಲ್ಲಿನ ಬೆಳಕಿನಲ್ಲಿ ಅಲ್ಟ್ರಾವಯಲೆಟ್ ಇಲ್ಲದಿದ್ದರೆ ಎಂ2 ಉತ್ತಮ. ಒಂದು ಅಳತೆ ಎಂ0 (ಅಲ್ಟ್ರಾವಯಲೆಟ್ ಎಷ್ಟೆಂದು ನಿಗದಿಯಾಗದ ಹಳೆಯ ವಿಧ), ಇನ್ನೊಂದು ಎಂ1 ಆಗಿದ್ದರೆ ಆ ಎರಡನ್ನು ಹೋಲಿಸುವುದೇ ವ್ಯರ್ಥ. ತೆಳು ಮೀಡಿಯಾದ ಕೆಳಗೆ ಯಾವಾಗಲೂ ಒಂದೇ ಬಿಳಿ ಹಿನ್ನೆಲೆ ಇಡಿ. ಕಾಯುವ ಸಮಯವೂ ಒಂದೇ ಇರಲಿ: ಅರ್ಧ ಗಂಟೆಯಾದರೆ ಪ್ರತಿಸಲ ಅರ್ಧ ಗಂಟೆ, ರಾತ್ರಿಯಿಡೀ ಆದರೆ ಪ್ರತಿಸಲ ರಾತ್ರಿಯಿಡೀ.

ಬೂದು ಒಂದು ಬೆಳಕಿನಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ ಹಸಿರಾಗಿ ಕಂಡರೆ ಪ್ರೊಫೈಲ್ ಮಾಡುವಾಗ ಜಿಸಿಆರ್ (ಮೂರು ಇಂಕ್‌ಗಳಿಂದಾಗುವ ಬೂದಿನ ಬದಲು ಬ್ಲ್ಯಾಕ್ ಬಳಸುವ ಪ್ರಮಾಣ) ಹೆಚ್ಚಿಸಿ, ಬೂದಿನಲ್ಲಿ ಬ್ಲ್ಯಾಕ್‌ನ ಪಾಲು ಏರಲಿ. ಏನೂ ಇರಬಾರದ ಬಿಳಿ ಜಾಗದಲ್ಲೆಲ್ಲ ತೆಳು ಛಾಯೆ ಬಂದರೆ ರೆಂಡರಿಂಗ್ ಇಂಟೆಂಟ್ ಅಬ್ಸಲ್ಯೂಟ್ ಆಗಿದೆ. ಪ್ರೂಫ್ (ಬೇರೆ ಮುದ್ರಣವನ್ನು ಅನುಕರಿಸುವ ಮಾದರಿ) ಅಲ್ಲದ ಕೆಲಸಕ್ಕೆ ರಿಲೇಟಿವ್ ಅಥವಾ ಪರ್ಸೆಪ್ಚುವಲ್‌ಗೆ ಬದಲಿಸಿ.

ಫೈಲಿನಲ್ಲಿ ನೋಡಬೇಕಾದ್ದು

ಬಣ್ಣ ಎರಡು ಸಲ ಪರಿವರ್ತನೆ ಆಗುತ್ತಿದೆಯೇ ಎಂದು ತಿಳಿಯಲು ಒಂದು ಖಚಿತ ದಾರಿಯಿದೆ. ಬರೀ ಸಯಾನ್ 50% ಇರುವ ಚೌಕವನ್ನು ಎಲ್ಲ ಕಲರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ ಕಳಿಸಿ, 30 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಬಿಳಿ ನೆಲದ ಮೇಲೆ ತಿಳಿನೀಲಿ ಚುಕ್ಕೆಗಳು ಮಾತ್ರ ಚೆಲ್ಲಿರಬೇಕು. ನಡುನಡುವೆ ಗುಲಾಬಿ ಅಥವಾ ಹಳದಿ ಚುಕ್ಕೆ ಕಂಡರೆ, ನೀವು ಆಫ್ ಮಾಡಿದ್ದೇವೆ ಎಂದುಕೊಂಡಿದ್ದರೂ ಎಲ್ಲೋ ಒಂದು ಕಡೆ ಪರಿವರ್ತನೆ ನಡೆಯುತ್ತಿದೆ. ಡ್ರೈವರ್, ಡಿಸೈನ್ ಸಾಫ್ಟ್‌ವೇರ್, ರಿಪ್ ಮೂರರಲ್ಲಿ ಬಣ್ಣದ ಹೊಣೆ ಒಂದಕ್ಕೇ ಇರಬೇಕು.

ಫೋಟೋಗಳು ಮಂಕಾಗಿದ್ದರೆ ಅಡೋಬ್ ಆರ್‌ಜಿಬಿ (ವಿಶಾಲ ಬಣ್ಣವ್ಯಾಪ್ತಿಯ) ಚಿತ್ರದ ಪ್ರೊಫೈಲ್ ಕಳಚಿಹೋಗಿ ಅದನ್ನು ಎಸ್‌ಆರ್‌ಜಿಬಿ (ಕಿರಿದಾದ ವ್ಯಾಪ್ತಿಯದು) ಎಂದು ಓದಿಕೊಂಡಿರುವ ಸಾಧ್ಯತೆ ಹೆಚ್ಚು. ನೀಲಿ ನೇರಳೆಯಾಗಿದ್ದರೆ ಸಯಾನ್ 100, ಮೆಜೆಂಟಾ 100 ಇದೆಯೇ ನೋಡಿ. ಮೆಜೆಂಟಾ ಸಯಾನ್‌ಗಿಂತ ಕನಿಷ್ಠ 30% ಕಡಿಮೆಯಿರಲಿ. ನೆರಳಿನ ಸುತ್ತ ಚೌಕಾಕಾರದ ಬೇರೆ ಬಣ್ಣದ ಪೆಟ್ಟಿಗೆ ಕಂಡರೆ ವೆಕ್ಟರ್‌ಗೊಂದು, ಚಿತ್ರಕ್ಕೊಂದು ಇಂಟೆಂಟ್ ಇದೆ ಅಥವಾ ಪಾರದರ್ಶಕತೆ ತುಂಡಾಗಿದೆ. ಎರಡಕ್ಕೂ ಒಂದೇ ಇಂಟೆಂಟ್ ಇಟ್ಟು, ಫೈಲನ್ನು ಪಿಡಿಎಫ್/ಎಕ್ಸ್-4 (ಪಾರದರ್ಶಕತೆಯನ್ನು ತುಂಡರಿಸದೆ ಉಳಿಸುವ ಪಿಡಿಎಫ್ ವಿಧ) ಆಗಿ ಕೇಳಿ ತರಿಸಿಕೊಳ್ಳಿ. ಕಡು ಕಿತ್ತಳೆ, ಹೊಳೆಯುವ ಹಸಿರು ನಾಲ್ಕು ಇಂಕ್‌ನಲ್ಲಿ ಸಿಗದಿದ್ದರೆ ಅದು ದೋಷವಲ್ಲ, ಆ ಇಂಕ್‌ಗಳ ಮಿತಿ. ಪ್ರಿಂಟ್ ತೆಗೆಯುವ ಮುಂಚೆಯೇ ಹೇಳಿಬಿಡುವುದು ಪ್ರಾಮಾಣಿಕ ಕೆಲಸ.

ಪಕ್ಕಪಕ್ಕ ಅಂಟಿಸುವ ತುಂಡುಗಳು ಹೊಂದದಿದ್ದರೆ

ಯಂತ್ರದ ಎಡಬದಿಗೂ ಬಲಬದಿಗೂ ಶಾಖ ಮತ್ತು ಒಣಗುವಿಕೆಯಲ್ಲಿ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಒಂದು ತುಂಡಿನ ಬಲ ಅಂಚು ಮುಂದಿನದರ ಎಡ ಅಂಚಿಗೆ ಕೂಡಿದಾಗ ಅದು ಎದ್ದು ಕಾಣುತ್ತದೆ. ಒಂದು ಬಿಟ್ಟು ಒಂದು ತುಂಡನ್ನು 180 ಡಿಗ್ರಿ ತಿರುಗಿಸಿ ಪ್ರಿಂಟ್ ತೆಗೆಯಿರಿ. ಆಗ ಕೂಡುವ ಎರಡೂ ಅಂಚುಗಳು ಯಂತ್ರದ ಒಂದೇ ಬದಿಯಲ್ಲಿ ಮುದ್ರಣವಾಗಿರುತ್ತವೆ. ಎಲ್ಲ ತುಂಡುಗಳೂ ಒಂದೇ ರೋಲ್‌ನಿಂದ, ನಡುವೆ ನಿಲ್ಲಿಸದೆ ಬರಲಿ. ಒಂದು ತುಂಡು ಹಾಳಾದರೆ ಮತ್ತೆ ತೆಗೆಯುವ ಮುನ್ನ ಅರ್ಧ ಮೀಟರ್ ವೇಸ್ಟ್ ಓಡಿಸಿ ಹೀಟರ್ ಮತ್ತು ಹೆಡ್ ಅದೇ ಬಿಸಿಗೆ ಬರಲು ಬಿಡಿ. ಹೊಳಪಿನ (ಗ್ಲಾಸಿ) ಲ್ಯಾಮಿನೇಷನ್ ಹಾಕಿದಾಗ ಬಣ್ಣ ಗಾಢವಾಗುವುದರಿಂದ ಲ್ಯಾಮಿನೇಷನ್ ಆದದ್ದನ್ನು ಆಗದ ತುಂಡಿನ ಜೊತೆ ಹೋಲಿಸಬೇಡಿ. ಲ್ಯಾಮಿನೇಷನ್‌ಗೆ ಮುಂಚೆ ಪ್ರಿಂಟನ್ನು ಸಡಿಲವಾಗಿ ಸುತ್ತಿ 24 ಗಂಟೆ ನಿಲ್ಲಿಸಿ. ಸಾಲ್ವೆಂಟ್ ಪೂರ್ತಿ ಹೋಗದೆ ಮುಚ್ಚಿದರೆ ಅಂಟು ಮೆತ್ತಗಾಗಿ, ಅಂಚು ಮೇಲೆದ್ದು, ಗಟ್ಟಿ ಬಣ್ಣದ ಜಾಗಗಳಲ್ಲಿ ಗುಳ್ಳೆ ಕಾಣಿಸಿಕೊಳ್ಳುತ್ತದೆ.